ಕ್ರಿಸ್ಮಸ್ ರಜೆಯಲ್ಲಿ ಮನೆಯವರ ಆರೋಗ್ಯ: ಮಂಗಳೂರು, ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂತೆಂದರೆ ಚರ್ಚಿನ ಅಂಗಳದಲ್ಲಿ, ಫೋನಿನಲ್ಲಿ, ವಾಟ್ಸಾಪಿನಲ್ಲಿ ಜನ ನನ್ನನ್ನು ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಿಯಾದವಳು ನಾನು, ಡಾಕ್ಟರ್ ಅಲ್ಲ. ಹಾಗಾಗಿ ಮದ್ದಿನ ಪ್ರಮಾಣ ಬದಲಿಸುವ ವಿಷಯ ಇದ್ದರೆ ನಿಮ್ಮ ಡಾಕ್ಟರನ್ನೇ ಕೇಳಿ. ರಜೆಯಲ್ಲಿ ಕಾಯಿಲೆ ಜಾಸ್ತಿ ಆಗುವುದಕ್ಕೆ ತಿಂಡಿ ಒಂದೇ ಕಾರಣ ಅಲ್ಲ. ಊಟದ ಹೊತ್ತು, ನಿದ್ದೆ, ಮಾತ್ರೆ, ನೋಡಿಕೊಳ್ಳುವವರು ಎಲ್ಲವೂ ಒಟ್ಟಿಗೆ ಏರುಪೇರಾಗುತ್ತದೆ. ಅದರ ಮೇಲೆ "ಹಬ್ಬ ಮುಗಿಯಲಿ, ಮತ್ತೆ ನೋಡುವ" ಅನ್ನುವ ಮಾತು ಬೇರೆ. ಆ ಮಾತಿನಿಂದ ಆದ ಹಾನಿ ನಾನು ತುಂಬಾ ನೋಡಿದ್ದೇನೆ.

## ಹಬ್ಬಕ್ಕೆ ಮೊದಲು

25ಕ್ಕೆ ಆಸ್ಪತ್ರೆ ಪೂರಾ ಬಂದಾ? ಡಾಕ್ಟರ್ ಯಾರಾದ್ರೂ ಸಿಗ್ತಾರಾ?

ಬಂದ್ ಇರುವುದು ಒಪಿಡಿ, ಆಸ್ಪತ್ರೆ ಅಲ್ಲ. ಕ್ಯಾಶುವಾಲ್ಟಿ, ಅಂದರೆ ತುರ್ತು ವಿಭಾಗ, ಹಗಲೂ ರಾತ್ರಿಯೂ ತೆರೆದಿರುತ್ತದೆ. ಮಂಗಳೂರಿನಲ್ಲಿ 1848ರಿಂದ ಇರುವ ವೆನ್ಲಾಕ್ ಜಿಲ್ಲಾಸ್ಪತ್ರೆ, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಸರಕಾರದ್ದು. ಕಂಕನಾಡಿ, ಅತ್ತಾವರ, ದೇರಳಕಟ್ಟೆ, ಮಣಿಪಾಲದಲ್ಲಿ ಮೆಡಿಕಲ್ ಕಾಲೇಜುಗಳ ದೊಡ್ಡ ಆಸ್ಪತ್ರೆಗಳುಂಟು. ಆದರೆ ನಿಮ್ಮ ಮಾಮೂಲಿ ಡಾಕ್ಟರ್ ಸಿಗುವುದು ಕಷ್ಟ. ಡ್ಯೂಟಿಯಲ್ಲಿ ಇರುವವರಿಗೆ ನಿಮ್ಮ ಕಾಯಿಲೆಯ ಹಿಂದುಮುಂದು ಗೊತ್ತಿರುವುದಿಲ್ಲ. ಹಾಗಾಗಿ ಹಳೇ ಚೀಟಿ, ಕಡೇ ಡಿಸ್ಚಾರ್ಜ್ ಸಮರಿ, ಈಗ ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಹತ್ತಿರ ಇಡಿ.

ಆಂಬುಲೆನ್ಸಿಗೆ 108. ಬರೀ ಸಲಹೆ ಬೇಕಿದ್ದರೆ ಆರೋಗ್ಯ ಸಹಾಯವಾಣಿ 104. 24ರ ರಾತ್ರಿ ಚರ್ಚಿನ ಸುತ್ತ ರಸ್ತೆ ಜಾಮ್, ರಿಕ್ಷಾ ಸಿಗುವುದಿಲ್ಲ. ಪರಿಚಯದ ರಿಕ್ಷಾದವರ ನಂಬರ್ ಒಂದು ಮೊದಲೇ ಕೇಳಿಟ್ಟುಕೊಳ್ಳಿ.

ಮದ್ದು ಎಷ್ಟು ದಿನಕ್ಕೆ ತಂದಿಡುವುದು?

ಹೊಸ ವರ್ಷ ಕಳೆದು ಒಂದು ವಾರದವರೆಗೆ. 20ನೇ ತಾರೀಕಿನ ಒಳಗೆ ಸ್ಟ್ರಿಪ್ ಬಿಡಿಸಿ ಮಾತ್ರೆ ಎಣಿಸಿ. ಜನೌಷಧಿಯಿಂದ ತರುವವರು, ಎಲ್ಲ ಅಂಗಡಿಯಲ್ಲಿ ಸಿಗದ ಮಾತ್ರೆ ತಿನ್ನುವವರು ಇನ್ನೂ ಬೇಗ ತನ್ನಿ. ಫಿಟ್ಸ್, ಹೃದಯ, ರಕ್ತ ತೆಳು ಮಾಡುವ ಮಾತ್ರೆ ಒಂದು ದಿನವೂ ತಪ್ಪಬಾರದು.

ಇನ್ಸುಲಿನ್ ಇರುವ ಮನೆಯವರು 23ರಿಂದ ಫ್ರಿಜ್ಜನ್ನು ಒಮ್ಮೆ ಸರಿಯಾಗಿ ನೋಡಿ. ಹಂದಿಮಾಂಸದ ಪಾತ್ರೆ, ಕೇಕಿನ ಡಬ್ಬಿ, ಸನ್ನದ (ಇಡ್ಲಿ ಥರದ ತಿಂಡಿ) ಹಿಟ್ಟು ಎಲ್ಲ ತುರುಕುವಾಗ ಬಾಗಿಲಲ್ಲಿದ್ದ ಇನ್ಸುಲಿನ್ ಹಿಂದೆ ಸರಿದು ಫ್ರೀಜರಿಗೆ ತಾಗಿ ಕೂತಿರುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿ ಇದ್ದರೂ ಕೆಲಸ ಮಾಡುವುದಿಲ್ಲ, ಬಿಸಾಡಬೇಕು. ಅದಕ್ಕೆ ಬೇಕಾದದ್ದು 2ರಿಂದ 8 ಡಿಗ್ರಿ. ಸಣ್ಣ ಡಬ್ಬಿಯಲ್ಲಿ ಹಾಕಿ ಬಾಗಿಲಲ್ಲೇ ಇಡಿ, ಮೇಲೆ ದೊಡ್ಡದಾಗಿ ಹೆಸರು ಬರೆಯಿರಿ.

ಮನೆಯಲ್ಲಿ ಇರಲೇಬೇಕಾದ ಸಾಮಾನು ಎಂತೆಂಥದ್ದು?

ಜ್ವರ ನೋಡುವ ಥರ್ಮಾಮೀಟರ್, ಪ್ಯಾರಾಸಿಟಮಾಲ್, ಓಆರ್‌ಎಸ್ ಪ್ಯಾಕೆಟ್ ನಾಲ್ಕೈದು, ಶುದ್ಧ ಗಾಜ್ ಬಟ್ಟೆ, ಟೇಪು. ಶುಗರ್ ಇದ್ದವರ ಮನೆಗೆ ಗ್ಲೂಕೋಮೀಟರ್, ಅದರ ಸ್ಟ್ರಿಪ್ ಮತ್ತು ಗ್ಲೂಕೋಸ್ ಪುಡಿ. ಬಿಪಿ ಮೆಷಿನ್ ಇದ್ದರೆ ಅದರ ಬ್ಯಾಟರಿ ನೋಡಿಡಿ. ಉಳಿದ ಹಳೇ ಆಂಟಿಬಯಾಟಿಕ್ ಇದ್ದರೆ ಅದನ್ನು ನಂಬಿಕೊಂಡು ಕೂರಬೇಡಿ.

## ಊಟ, ತಿಂಡಿ, ಹೊಟ್ಟೆ

ಮಮ್ಮಿಗೆ ಶುಗರ್ ಉಂಟು, ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಕೊಡಲೇಬಾರದಾ?

ಕೊಡಿ. ಪೂರಾ ಬೇಡ ಅಂದರೆ ಕದ್ದು ತಿನ್ನುತ್ತಾರೆ, ಆಗ ಲೆಕ್ಕ ಸಿಗುವುದಿಲ್ಲ. ಜೀವನಪೂರ್ತಿ ತನ್ನ ಕೈಯಲ್ಲೇ ನೆವ್ರಿ ಮಾಡಿ ಊರಿಗೆಲ್ಲ ಹಂಚಿದವರಿಗೆ ತಟ್ಟೆ ತೋರಿಸಿ ಬೇಡ ಅನ್ನುವುದು ಕ್ರೂರ ಕೂಡ. ಒಂದು ನೆವ್ರಿ ಅಥವಾ ಒಂದು ಕೊಕ್ಕಿಸ್, ಊಟದ ಜೊತೆಗೇ ಕೊಡಿ, ಆ ಹೊತ್ತಿನ ಅನ್ನ ಅಥವಾ ಸನ್ನ ಅಷ್ಟು ಕಡಿಮೆ ಮಾಡಿ. ತೊಂದರೆ ಬರುವುದು ಊಟದಲ್ಲಿ ಅಲ್ಲ. ನೆರೆಮನೆಯಿಂದ ಬಂದ ಪ್ರತಿ ತಟ್ಟೆಯಿಂದ ಒಂದೊಂದು ಚೂರು, ಜೊತೆಗೆ ಪ್ರತಿ ನೆಂಟರ ಹೆಸರಲ್ಲಿ ಒಂದು ಚಾ, ಹೀಗೆ ದಿನವಿಡೀ ಬಾಯಾಡಿಸುವುದರಲ್ಲಿ. ಬೆಲ್ಲದ್ದಾದರೆ ಪರವಾಗಿಲ್ಲ ಅನ್ನುವುದು ಸುಳ್ಳು, ಶುಗರ್ ಅದರಿಂದಲೂ ಏರುತ್ತದೆ. ಊಟವಾಗಿ ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ನಾಲ್ಕು ಸುತ್ತು ನಡೆಸಿ, ಅದು ನಿಜವಾಗಿ ಉಪಯೋಗ.

24ರ ರಾತ್ರಿ ಪೂಜೆಗೆ ಹೋಗುವಾಗ ಇನ್ಸುಲಿನ್ ಯಾವಾಗ ತೆಗೊಳ್ಳುವುದು?

ಇದು ನನಗೆ ಬರುವ ಎಲ್ಲ ಪ್ರಶ್ನೆಗಳಲ್ಲಿ ತುಂಬಾ ಮುಖ್ಯವಾದದ್ದು. ದಿನಾ ಎಂಟು ಗಂಟೆಗೆ ಚುಚ್ಚಿಕೊಂಡು ಎಂಟೂವರೆಗೆ ಉಣ್ಣುವವರು ಆ ದಿನ ಸಂಜೆಯೇ ಚುಚ್ಚಿಕೊಂಡು ಪೂಜೆಗೆ ಹೋಗುತ್ತಾರೆ. ಕ್ಯಾರಲ್ಸ್, ಬಲಿಪೂಜೆ, ಆಮೇಲೆ ಅಂಗಳದಲ್ಲಿ ಎಲ್ಲರಿಗೂ ಹಬ್ಬದ ಶುಭಾಶಯ, ಮನೆಗೆ ಬಂದು ಊಟಕ್ಕೆ ಕೂರುವಾಗ ಹತ್ತೋ ಹನ್ನೊಂದೋ. ಅಷ್ಟರಲ್ಲಿ ಶುಗರ್ ಇಳಿದಿರುತ್ತದೆ. ಊಟದ ಇನ್ಸುಲಿನ್ ಊಟದ ಜೊತೆಗೇ ಹೋಗಬೇಕು, ಗಡಿಯಾರದ ಜೊತೆಗಲ್ಲ. ಗ್ಲಿಮೆಪಿರೈಡ್ ಥರದ ಶುಗರ್ ಮಾತ್ರೆಗೂ ಇದೇ ಮಾತು. ದಿನಕ್ಕೊಮ್ಮೆ ತೆಗೆದುಕೊಳ್ಳುವ ದೀರ್ಘ ಇನ್ಸುಲಿನ್ ಬೇರೆ, ಅದನ್ನು ಮಾಮೂಲಿ ಹೊತ್ತಿಗೇ ತೆಗೆದುಕೊಳ್ಳುತ್ತಾರೆ. ನಿಮ್ಮದು ಯಾವುದು ಅಂತ ಡಾಕ್ಟರಲ್ಲಿ ಮೊದಲೇ ಕೇಳಿಡಿ. ಪೂಜೆಗೆ ಹೊರಡುವ ಮುಂಚೆ ಎರಡು ಇಡ್ಲಿಯೋ ಚಪಾತಿಯೋ ತಿಂದು ಹೋಗಿ.

ಬೆವರು, ನಡುಕ, ತಲೆ ಸುತ್ತು, ಒಮ್ಮೆಲೇ ಸಿಟ್ಟು, ತೊದಲು ಮಾತು ಕಂಡರೆ ಚೆಕ್ ಮಾಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ, ಏರಿದ ಮೇಲೆ ಊಟ ಕೊಡಿ. ಕೈಗೆ ಮೊದಲು ಸಿಗುವುದು ಕೇಕು, ಚಾಕಲೇಟು. ಆದರೆ ಅದರಲ್ಲಿ ಕೊಬ್ಬು ಇರುವುದರಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಮಾತ್ರೆಯಿಂದ ಇಳಿದ ಶುಗರ್ ಒಮ್ಮೆ ಸರಿಯಾದರೂ ಅದೇ ದಿನ ಮತ್ತೆ ಇಳಿಯಬಹುದು. ಅವರನ್ನು ಒಂಟಿಯಾಗಿ ಮಲಗಲು ಬಿಡಬೇಡಿ.

ಮನೆಯ ದ್ರಾಕ್ಷಿ ವೈನ್ ಒಂದು ಗ್ಲಾಸ್ ಅಲ್ವಾ, ಮದ್ದಿಗೆ ತೊಂದರೆ ಉಂಟಾ?

ಮನೆಯದ್ದಾದರೂ ಅದು ಆಲ್ಕೋಹಾಲೇ. ಎಷ್ಟು ಕಟ್ಟು ಅಂತ ಯಾರೂ ಅಳೆದಿರುವುದಿಲ್ಲ. ಶುಗರ್ ಮದ್ದು ತೆಗೆದುಕೊಳ್ಳುವವರಿಗೆ ಕುಡಿದು ಕೆಲವು ಗಂಟೆ ಕಳೆದ ಮೇಲೆ, ನಿದ್ದೆಯಲ್ಲೇ ಶುಗರ್ ಇಳಿಯಬಹುದು. ಲಿವರ್ ಆಲ್ಕೋಹಾಲಿನ ಕೆಲಸದಲ್ಲಿದ್ದಾಗ ರಕ್ತಕ್ಕೆ ಸಕ್ಕರೆ ಬಿಡುವುದಿಲ್ಲ. ಖಾಲಿ ಹೊಟ್ಟೆಗೆ ಬೇಡವೇ ಬೇಡ. ನಿದ್ದೆ ಮಾತ್ರೆ, ಫಿಟ್ಸಿನ ಮಾತ್ರೆ, ರಕ್ತ ತೆಳು ಮಾಡುವ ವಾರ್ಫರಿನ್, ಹೊಟ್ಟೆಗೆ ಕೊಟ್ಟ ಮೆಟ್ರೊನಿಡಜೋಲ್ ಇದ್ದರೆ ಈ ವರ್ಷ ದ್ರಾಕ್ಷಿ ಜ್ಯೂಸ್ ಸಾಕು.

ಬಿಪಿ ಇರುವವರು ಎಂತ ಬಿಡಬೇಕು?

ಉಪ್ಪು. ಹಂದಿಮಾಂಸದ ಬಫಾತಿನ ಗಸಿ, ಉಪ್ಪಿನಕಾಯಿ, ಹಪ್ಪಳ, ಚಕ್ಕುಲಿ ಎಲ್ಲ ಒಂದೇ ಊಟಕ್ಕೆ ಸೇರುತ್ತದೆ. ಮಾಂಸದ ತುಂಡು ತಿನ್ನಲಿ, ಗಸಿ ಕಡಿಮೆ ಹಾಕಿಕೊಳ್ಳಲಿ. ಕುಡಿಯುವ ದಿನ ಮಾತ್ರೆ ಬಿಡುವ ಅಭ್ಯಾಸ ನಮ್ಮ ಕಡೆ ಗಂಡಸರಲ್ಲಿ ತುಂಬಾ ಉಂಟು. ಬಿಡಬೇಕಾದದ್ದು ಮಾತ್ರೆ ಅಲ್ಲ.

ಹಾರ್ಟ್ ಫೇಲ್ಯೂರ್ ಇದ್ದವರಾದರೆ ದಿನಾ ಬೆಳಿಗ್ಗೆ ತೂಕ ನೋಡಿ. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೇಕಿನ ತೂಕ ಅಲ್ಲ, ಮೈಯಲ್ಲಿ ನೀರು ನಿಂತದ್ದು. ಅವತ್ತೇ ಡಾಕ್ಟರಿಗೆ ತಿಳಿಸಿ.

ಬಫಾತ್ ಮರುದಿನವೇ ರುಚಿ ಅಂತ ಹೊರಗೇ ಇಡ್ತೇವೆ, ಹೊಟ್ಟೆ ಕೆಡುವುದು ಅದರಿಂದಲಾ?

ಆಗಬಹುದು. ರುಚಿ ಬರಲಿ, ಆದರೆ ಫ್ರಿಜ್ಜಿನಲ್ಲಿ. ನಮ್ಮ ಕರಾವಳಿಯ ಸೆಕೆಗೆ ಡಿಸೆಂಬರಿನಲ್ಲೂ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬೇಡ. ದೊಡ್ಡ ಪಾತ್ರೆ ಬೇಗ ತಣಿಯುವುದಿಲ್ಲ, ಸಣ್ಣ ಡಬ್ಬಿಗಳಿಗೆ ಹಂಚಿ ಇಡಿ. ತಿನ್ನುವಷ್ಟನ್ನೇ ತೆಗೆದು ಕೊತಕೊತ ಕುದಿಸಿ. ಇಡೀ ಪಾತ್ರೆ ದಿನಕ್ಕೆ ಮೂರು ಸಲ ಬಿಸಿ ಮಾಡಿ ಪುನಃ ಇಡುವುದು ಸರಿಯಲ್ಲ.

ಬೇಧಿ ಶುರುವಾದರೆ ಒಂದು ಪ್ಯಾಕೆಟ್ ಓಆರ್‌ಎಸ್ (ಒಂದು ಲೀಟರಿನದ್ದು) ಪೂರಾ ಒಂದು ಲೀಟರ್ ಕುದಿಸಿ ತಣಿಸಿದ ನೀರಿಗೆ ಹಾಕಿ. ಸ್ವಲ್ಪ ಪುಡಿ ಒಂದು ಗ್ಲಾಸಿಗೆ ಅಂತ ಅಂದಾಜಿಗೆ ಕದಡಬೇಡಿ, ಮಕ್ಕಳಿಗೆ ಉಪ್ಪಿನ ಅಂಶ ಹೆಚ್ಚಾದರೆ ಅಪಾಯ. 24 ಗಂಟೆ ಕಳೆದರೆ ಚೆಲ್ಲಿ. ಪ್ಯಾಕೆಟ್ ಇಲ್ಲವಾದರೆ ಒಂದು ಲೀಟರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಜೊತೆಗೆ ಕುಚ್ಚಲಕ್ಕಿ ಗಂಜಿ ಇದ್ದೇ ಉಂಟು. ರಕ್ತ ಬಿದ್ದರೆ, ಜ್ವರ ಜೋರಿದ್ದರೆ, ಆರೆಂಟು ಗಂಟೆ ಮೂತ್ರ ಹೋಗದಿದ್ದರೆ, ಮಗು ಮಂಕಾದರೆ ಕ್ಯಾಶುವಾಲ್ಟಿಗೆ ಹೋಗಿ. ಬೇಧಿ ನಿಲ್ಲಿಸುವ ಮಾತ್ರೆ ಮಕ್ಕಳಿಗೆ ಕೊಡಲೇಬೇಡಿ.

## ತಡ ಮಾಡಬಾರದ ತೊಂದರೆಗಳು

ಕುಸ್ವಾರ್ ಕಾಯಿಸುವಾಗ ಎಣ್ಣೆ ಹಾರಿತು, ಟೂತ್‌ಪೇಸ್ಟ್ ಹಚ್ಚಬಹುದಾ?

ಬೇಡ. ಪೇಸ್ಟ್, ತುಪ್ಪ, ಐಸ್ ಯಾವುದೂ ಬೇಡ. ನಳ್ಳಿಯ ತಣ್ಣೀರು ಹರಿಯಬಿಟ್ಟು ಅದರ ಅಡಿ 20 ನಿಮಿಷ ಕೈ ಹಿಡಿಯಿರಿ. 20 ನಿಮಿಷ ಅಂದರೆ ಗಡಿಯಾರ ನೋಡಿಯೇ ಹೇಳುವುದು, ಎಲ್ಲರೂ ಎರಡು ನಿಮಿಷಕ್ಕೆ ತೆಗೆದುಬಿಡುತ್ತಾರೆ. ಬಳೆ, ಉಂಗುರ ಕೂಡಲೇ ತೆಗೆಯಿರಿ, ಬಾತುಕೊಂಡ ಮೇಲೆ ಬರುವುದಿಲ್ಲ. ಗುಳ್ಳೆ ಒಡೆಯಬೇಡಿ. ಮುಖ, ಕಣ್ಣು, ಗಂಟುಗಳ ಮೇಲೆ ಸುಟ್ಟರೆ, ಅಂಗೈಗಿಂತ ದೊಡ್ಡದಿದ್ದರೆ, ಮಗುವಾದರೆ ಆಸ್ಪತ್ರೆಗೆ ತೋರಿಸಿ.

ಸಣ್ಣ ಮಗುವಿಗೆ ಗುಳಿಯೊ, ಗೋಡಂಬಿ ಕೊಡಬಹುದಾ?

ಐದು ವರ್ಷದ ಒಳಗೆ ಇಡೀ ಬೀಜ, ಗಟ್ಟಿ ಉಂಡೆ ಬೇಡ. ಗುಳಿಯೊ, ಕಿಡಿಯೊ ಎರಡೂ ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರದ್ದೇ. ಸಿಕ್ಕಿ ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸ್ವರವೇ ಬರದಿದ್ದರೆ ಮುಂದಕ್ಕೆ ಬಗ್ಗಿಸಿ, ಬೆನ್ನಿನ ಮೇಲೆ ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಗುದ್ದಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲೆ ಐದು ಸಲ ಒಳಕ್ಕೆ, ಮೇಲಕ್ಕೆ ಒತ್ತಿ. ಒಂದು ವರ್ಷದ ಒಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆಯ ನಡುವೆ ಎರಡು ಬೆರಳಿನಿಂದ ಒತ್ತಬೇಕು. ಕಾಣದ್ದನ್ನು ತೆಗೆಯಲು ಬಾಯೊಳಗೆ ಬೆರಳು ಹಾಕಬೇಡಿ.

ಊಟ ಆದ ಮೇಲೆ ಪಪ್ಪನಿಗೆ ಎದೆ ಉರಿ, ಗ್ಯಾಸ್ ಆಗಿರಬಹುದಾ?

ಆಗಿರಬಹುದು. ಆದರೆ ಮನೆಯಲ್ಲಿ ಕೂತು ಅದನ್ನು ಹೇಳಲು ನನಗೂ ಆಗುವುದಿಲ್ಲ, ನಿಮಗೂ ಆಗುವುದಿಲ್ಲ, ಇಸಿಜಿ ಬೇಕು. ಎದೆಯ ಮೇಲೆ ಭಾರ ಇಟ್ಟ ಹಾಗೆ, ದವಡೆಗೋ ಎಡಗೈಗೋ ಬೆನ್ನಿಗೋ ಹರಿಯುವ ನೋವು, ತಣ್ಣನೆ ಬೆವರು, ಉಸಿರು ಸಾಲದಿರುವುದು ಇದ್ದರೆ ಜೀರಿಗೆ ಕಷಾಯ, ಸೋಡಾ ಕುಡಿಸುತ್ತಾ ಕಾಯಬೇಡಿ. ಶುಗರ್ ಇದ್ದವರಿಗೆ, ವಯಸ್ಸಾದ ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ವಾಂತಿಯಾಗಿಯೂ ಬರುತ್ತದೆ.

ಸ್ವೀಡನ್ನಿನಲ್ಲಿ 1998ರಿಂದ 2013ರವರೆಗಿನ ಹಾರ್ಟ್ ಅಟ್ಯಾಕ್‌ಗಳ ಲೆಕ್ಕ ನೋಡಿ ಮಾಡಿದ ಅಧ್ಯಯನ ಒಂದಿದೆ. ಕ್ರಿಸ್ಮಸ್ ಮುನ್ನಾದಿನ ಅಪಾಯ ಶೇ. 37ರಷ್ಟು ಜಾಸ್ತಿ, ಅದರಲ್ಲೂ ರಾತ್ರಿ ಹತ್ತರ ಸುಮಾರಿಗೆ. 75 ದಾಟಿದವರಲ್ಲಿ, ಶುಗರ್ ಮತ್ತು ಹೃದಯದ ಕಾಯಿಲೆ ಇದ್ದವರಲ್ಲಿ ಇನ್ನೂ ಹೆಚ್ಚು. ಅಲ್ಲಿಯ ಚಳಿ ಬೇರೆ, ಊಟ ಬೇರೆ, ನಿಜ. ಆದರೆ ನಿದ್ದೆಗೆಟ್ಟ ರಾತ್ರಿ, ಭಾರೀ ಊಟ, ಮನಸ್ಸಿನ ಒತ್ತಡ ಇಲ್ಲಿಯೂ ಅದೇ ಅಲ್ವಾ? ಕುಡಿದ ಮೇಲೆ ಎದೆ ಬಡಿತ ತಾಳ ತಪ್ಪಿ ಓಡುವುದಕ್ಕೆ ಡಾಕ್ಟರುಗಳು 1978ರಲ್ಲೇ "ಹಾಲಿಡೇ ಹಾರ್ಟ್" ಅಂತ ಹೆಸರಿಟ್ಟಿದ್ದಾರೆ. ಅದಕ್ಕೂ ಇಸಿಜಿ ಬೇಕು.

ಪಪ್ಪ ಸ್ವತಃ "ನೆಂಟರು ಕೂತಿದ್ದಾರೆ, ಸುಮ್ನೆ ಗಲಾಟೆ ಬೇಡ" ಅನ್ನುತ್ತಾರೆ. ಕೇಳಬೇಡಿ. ನಡೆಸಬೇಡಿ, ಮೆಟ್ಟಿಲು ಇಳಿಸಬೇಡಿ, ಅವರೇ ಕಾರು ಬಿಡುವುದಂತೂ ಬೇಡ. ಪಕ್ಕದ ಮನೆಯವರ ನಾಲಿಗೆ ಅಡಿಯ ಮಾತ್ರೆಯೂ ಬೇಡ, ಬಿಪಿ ಒಮ್ಮೆಲೇ ಬಿದ್ದುಹೋಗಬಹುದು. ಗ್ಯಾಸ್ ಅಂತಲೇ ಆಯಿತು ಅಂದುಕೊಳ್ಳಿ, ಹೋದದ್ದು ಎರಡು ಗಂಟೆ ಮಾತ್ರ.

ಬಾಯಿ ಒಂದು ಬದಿಗೆ ಎಳೆದ ಹಾಗೆ ಕಾಣ್ತದೆ, ಮಲಗಿ ಎದ್ದರೆ ಸರಿ ಆಗ್ತದಾ?

ಮಲಗಿಸಬೇಡಿ. ನಗಲು ಹೇಳಿ, ಎರಡೂ ಕೈ ಎತ್ತಲು ಹೇಳಿ, ಒಂದು ವಾಕ್ಯ ಹೇಳಿಸಿ. ಯಾವುದೊಂದು ಸರಿ ಇಲ್ಲವಾದರೂ ಸ್ಟ್ರೋಕ್ ಅಂತಲೇ ತಿಳಿದು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ನಾಲ್ಕೂವರೆ ಗಂಟೆಯ ಅವಧಿ. ಅವರು ಚೆನ್ನಾಗಿದ್ದುದನ್ನು ಕಡೆಗೆ ನೋಡಿದ್ದು ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ, ಡಾಕ್ಟರ್ ಮೊದಲು ಕೇಳುವುದೇ ಅದು. ತಾನಾಗಿ ಸರಿಯಾದರೂ ಹೋಗಲೇಬೇಕು.

ಚಳಿ ಜ್ವರ ಬಂದಿದೆ, ಹಬ್ಬದ ಸುಸ್ತು ಅಂತ ಬಿಡಬಹುದಾ?

ಮಂಗಳೂರಿನಲ್ಲಿ ಚಳಿ ಜ್ವರಕ್ಕೆ ಮೊದಲು ಮಲೇರಿಯಾ ರಕ್ತ ಪರೀಕ್ಷೆ, ಆಮೇಲೆ ಉಳಿದದ್ದು. ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಪ್ಯಾರಾಸಿಟಮಾಲ್ 650 ದೊಡ್ಡವರಿಗೆ ಆರು ಗಂಟೆಗೊಮ್ಮೆ ಸಾಕು. ಮಕ್ಕಳಿಗೆ ತೂಕ ನೋಡಿ, ಒಂದು ಕಿಲೋಗೆ 15 ಮಿಲಿಗ್ರಾಂ. ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ಬೇಡ.

ಗೋದಲಿ ಕಟ್ಟಿದ ದಿನದಿಂದ ಮಗನಿಗೆ ಉಬ್ಬಸ, ಎಂತ ಮಾಡುವುದು?

ಅಟ್ಟದಲ್ಲಿ ಒಂದು ವರ್ಷ ಇದ್ದ ಪೆಟ್ಟಿಗೆಯ ಧೂಳು, ಬೈಹುಲ್ಲು, ರಾತ್ರಿಯ ಪಟಾಕಿ ಹೊಗೆ ಎಲ್ಲ ಕಾರಣವೇ. ಪೆಟ್ಟಿಗೆ ಹೊರಗೆ ಅಂಗಳದಲ್ಲಿ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆಗ ಮಗ ಹತ್ತಿರ ಇರುವುದು ಬೇಡ. ದಿನಾ ತೆಗೆದುಕೊಳ್ಳುವ ಇನ್ಹೇಲರ್ ತಪ್ಪಿಸಬೇಡಿ. ಉಬ್ಬಸಕ್ಕೆ ಕೊಡುವ ಪಂಪ್ ಮತ್ತು ಸ್ಪೇಸರ್ ಪೂಜೆಗೆ ಹೋಗುವಾಗ ಬ್ಯಾಗಿನಲ್ಲಿ ಇರಲಿ. ಪಂಪ್ ಕೊಟ್ಟರೂ ಮಾತಾಡಲು ಉಸಿರು ಸಾಲದಿದ್ದರೆ, ಪಕ್ಕೆ ಒಳಗೆ ಎಳೆಯುತ್ತಿದ್ದರೆ ಹೊರಡಿ.

## ಮೊದಲೇ ದೊಡ್ಡ ಕಾಯಿಲೆ ಇರುವ ಮನೆಗಳು

ಡಯಾಲಿಸಿಸ್ 25ಕ್ಕೇ ಬಂದಿದೆ, ಒಂದು ಸಲ ಬಿಟ್ಟರೆ?

ಬಿಡಬೇಡಿ. ಯೂನಿಟಿನಲ್ಲಿ ಕೇಳಿ ಹಿಂದಿನ ದಿನಕ್ಕೋ ಮರುದಿನಕ್ಕೋ ಹಾಕಿಸಿಕೊಳ್ಳಿ, ಹದಿನೈದು ದಿನ ಮೊದಲೇ ಕೇಳಿದರೆ ಆಗುತ್ತದೆ. ಎರಡು ಡಯಾಲಿಸಿಸ್ ನಡುವೆ ದಿನ ಹೆಚ್ಚಾದಷ್ಟೂ ನೀರು, ಪೊಟ್ಯಾಸಿಯಂ ಮೈಯಲ್ಲಿ ಉಳಿಯುತ್ತದೆ. ಪೊಟ್ಯಾಸಿಯಂ ಏರಿದರೆ ಹೃದಯ ಮುನ್ಸೂಚನೆ ಇಲ್ಲದೆ ನಿಲ್ಲಬಹುದು. ಕೇಕಿನ ಒಣದ್ರಾಕ್ಷಿ, ಖರ್ಜೂರ, ಗೋಡಂಬಿ, ಕಿತ್ತಳೆ, ಬಾಳೆಹಣ್ಣು, ಎಳನೀರು ಎಲ್ಲದರಲ್ಲೂ ಅದು ಜಾಸ್ತಿ. ಇನ್ನೊಂದು ಮಾತು: ದಾರೆಹುಳಿ (ಸ್ಟಾರ್ ಫ್ರೂಟ್) ಕಿಡ್ನಿ ಕಾಯಿಲೆ ಇದ್ದವರಿಗೆ ವಿಷ. ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗುತ್ತದೆ. ಹಿತ್ತಲಲ್ಲಿ ಬೆಳೆದದ್ದು, ತಂಪು ಅಂತ ಯಾರೋ ಪ್ರೀತಿಯಿಂದ ಶರಬತ್ತು ಮಾಡಿ ಕೊಡುತ್ತಾರೆ. ಜ್ಯೂಸೂ ಬೇಡ, ಉಪ್ಪಿನಕಾಯಿಯೂ ಬೇಡ.

ಕೀಮೋ ನಡೀತಾ ಉಂಟು, ನೆಂಟರು ಬರಬಹುದಾ?

ಬರಲಿ, ಆದರೆ ಶೀತ ಕೆಮ್ಮು ಇದ್ದವರು ಫೋನಿನಲ್ಲೇ ಮಾತಾಡಲಿ. ಬೇಜಾರಾಗುತ್ತದೆ ಅಂತ ಸಂಕೋಚ ಬೇಡ. ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಕಾಯುವಂತಿಲ್ಲ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗಿ "ಕೀಮೋ ಆಗಿದೆ" ಅಂತ ಮೊದಲ ಮಾತಿನಲ್ಲೇ ಹೇಳಿ.

ಆಕ್ಸಿಜನ್ ಮೆಷಿನ್ ಮೇಲಿದ್ದಾರೆ, ಕರೆಂಟ್ ಹೋದರೆ?

ಮಾಮೂಲಿ ಇನ್ವರ್ಟರ್ ಎಷ್ಟು ಹೊತ್ತು ತಡೆಯುತ್ತದೆ ಅಂತ ಹಬ್ಬಕ್ಕೆ ಮೊದಲೇ ಹಗಲಲ್ಲಿ ಪರೀಕ್ಷೆ ಮಾಡಿ. ಒಂದು ಸಿಲಿಂಡರ್ ಬಾಡಿಗೆಗೆ ತಂದಿಡಿ. ಮೆಸ್ಕಾಂ ನಂಬರ್ 1912. ಆ ಕೋಣೆಯಲ್ಲಿ ಮೊಂಬತ್ತಿ, ಅಗರಬತ್ತಿ ಹಚ್ಚಬಾರದು.

ಹೋಮ್ ನರ್ಸ್ ಹಬ್ಬಕ್ಕೆ ಊರಿಗೆ ಹೋಗ್ತಾಳೆ, ಮಲಗಿದಲ್ಲೇ ಇರುವ ಅಜ್ಜಿಯನ್ನು ನೋಡುವುದು ಹೇಗೆ?

ಅವಳಿಗೂ ಮನೆ ಉಂಟು, ಹಬ್ಬ ಉಂಟು, ಹೋಗಲಿ. ಹೋಗುವ ಮೊದಲು ಎರಡು ದಿನ ಅವಳ ಜೊತೆ ನಿಂತು ನೀವೇ ಕೆಲಸ ಮಾಡಿ, ಬರೀ ನೋಡುವುದಲ್ಲ. ಡಯಾಪರ್ ಬದಲಿಸುವುದು, ಶೀಟ್ ಎಳೆದು ಮಗ್ಗುಲು ತಿರುಗಿಸುವುದು, ಟ್ಯೂಬ್ ಇದ್ದರೆ ಎಷ್ಟು ಎತ್ತರಕ್ಕೆ ತಲೆ ಇಟ್ಟು ಎಷ್ಟು ನಿಧಾನಕ್ಕೆ ಹಾಕುವುದು ಎಲ್ಲ ಅವಳ ಕೈಗೆ ಗೊತ್ತಿರುತ್ತದೆ, ಚೀಟಿಯಲ್ಲಿ ಬರೆದಿರುವುದಿಲ್ಲ. ಒಂದು ಹಾಳೆಯನ್ನು ಮಂಚದ ಪಕ್ಕ ಅಂಟಿಸಿ: ಹೊತ್ತು, ಎಡವೋ ಬಲವೋ, ಮದ್ದು, ಮೂತ್ರ, ಮಾಡಿದವರ ಹೆಸರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಗಬೇಕು. ಮನೆ ತುಂಬ ಜನ ಇದ್ದಾಗ "ಅವರು ಮಾಡಿರಬಹುದು" ಅಂತ ಎಲ್ಲರೂ ಬಿಡುತ್ತಾರೆ, ಅದಕ್ಕೇ ಹೆಸರು ಬರೆಯುವುದು. ಸೊಂಟದ ಹತ್ತಿರ ಕೆಂಪು ಕಂಡು ಒತ್ತಿದರೂ ಬಿಳುಚದಿದ್ದರೆ ಹುಣ್ಣು ಶುರುವಾಗಿದೆ ಅಂತ ಅರ್ಥ, ಆ ಬದಿಗೆ ಮಲಗಿಸಬೇಡಿ. ಮನೆಗೆ ಕ್ರಿಸ್ತಪ್ರಸಾದ ತಂದುಕೊಡಲು ಚರ್ಚಿನ ಗುರುಗಳಿಗೆ ವಾರ ಮೊದಲೇ ಹೇಳಿಡಿ.

ಮಾಮಿಗೆ ಮರೆವಿನ ಕಾಯಿಲೆ, ಜನ ಬಂದರೆ ಕಿರುಚ್ತಾರೆ

ಗದ್ದಲ, ಮಿನುಗುವ ಲೈಟು, ಜಾಗ ಬದಲಿಸಿದ ಕುರ್ಚಿ ಎಲ್ಲ ಅವರನ್ನು ಹೆದರಿಸುತ್ತದೆ. ಅವರ ಕೋಣೆ ಇದ್ದ ಹಾಗೇ ಇರಲಿ. ಒಂದು ಸಲಕ್ಕೆ ಇಬ್ಬರೇ ಒಳಗೆ ಹೋಗಿ, ಬೆಳಗ್ಗಿನ ಹೊತ್ತು ಒಳ್ಳೆಯದು. "ನಾನು ಯಾರು ಹೇಳಿ ನೋಡುವ" ಅಂತ ಪರೀಕ್ಷೆ ಮಾಡಬೇಡಿ, ಹೆಸರು ಹೇಳಿಕೊಂಡೇ ಮಾತಾಡಿ. ಹಳೇ ಕೊಂಕಣಿ ಕ್ರಿಸ್ಮಸ್ ಹಾಡು ಮೆಲ್ಲಗೆ ಹಾಕಿದರೆ ಎಷ್ಟೋ ಜನ ಜೊತೆಗೆ ಹಾಡುತ್ತಾರೆ. ಒಂದೇ ದಿನದಲ್ಲಿ ಗೊಂದಲ ಜಾಸ್ತಿಯಾದರೆ ಹಬ್ಬದ ಮೇಲೆ ಹಾಕಬೇಡಿ. ಮೂತ್ರದ ಇನ್ಫೆಕ್ಷನ್, ಮಲಬದ್ಧತೆ, ನೋವು ಇರಬಹುದು, ತೋರಿಸಿ.

## ನೋಡಿಕೊಳ್ಳುವವರ ಪಾಡು

ದುಬೈಯಿಂದ ಅಣ್ಣ ಬಂದು "ಇಷ್ಟು ಮದ್ದು ಯಾಕೆ, ಡಾಕ್ಟರ್ ಬದಲಿಸುವ" ಅಂತಾನೆ. ಎಂತ ಹೇಳುವುದು?

ವರ್ಷವಿಡೀ ನೋಡಿಕೊಂಡ ತಂಗಿಗೋ ಸೊಸೆಗೋ ಈ ಮಾತು ಎಷ್ಟು ಚುಚ್ಚುತ್ತದೆ ಅಂತ ಬಂದವರಿಗೆ ಗೊತ್ತಾಗುವುದಿಲ್ಲ. ಅವರದ್ದೂ ಪೂರಾ ತಪ್ಪಲ್ಲ. ಕಳೆದ ರಜೆಯಲ್ಲಿ ನಡೆಯುತ್ತಿದ್ದ ತಂದೆ ಈಗ ಹಿಡಿದುಕೊಂಡು ಏಳುವುದನ್ನು ಒಮ್ಮೆಲೇ ನೋಡಿದಾಗ ಗಾಬರಿ ಆಗುತ್ತದೆ, ಆ ಗಾಬರಿ ಸಿಟ್ಟಾಗಿ ಹೊರಗೆ ಬರುತ್ತದೆ. ವಾದ ಬೇಡ. ಅಣ್ಣನನ್ನೇ ಒಂದು ರಾತ್ರಿ ತಂದೆಯ ಕೋಣೆಯಲ್ಲಿ ಮಲಗಲು ಹೇಳಿ. 27, 28ಕ್ಕೆ ಡಾಕ್ಟರ್ ಹತ್ತಿರ ಅವನೇ ಕರೆದುಕೊಂಡು ಹೋಗಲಿ, ಪ್ರಶ್ನೆ ಅಲ್ಲಿ ಕೇಳಲಿ. ಮದ್ದು ನಿಲ್ಲಿಸುವುದು ಆ ಕುರ್ಚಿಯ ಎದುರು ತೀರ್ಮಾನವಾಗಲಿ, ಊಟದ ಮೇಜಿನಲ್ಲಿ ಬೇಡ. ನೀವು ಆ ಎರಡು ದಿನ ನಿದ್ದೆ ಮಾಡಿ. ಇದನ್ನು ನಾನು ಮನಸಾರೆ ಹೇಳುತ್ತೇನೆ, ನೋಡಿಕೊಳ್ಳುವವರೇ ಕಾಯಿಲೆ ಬಿದ್ದು ಮಲಗಿಬಿಟ್ಟರೆ ಆ ಮನೆಯಲ್ಲಿ ಕಾಯಿಲೆಯವರು ಇಬ್ಬರಾಗುತ್ತಾರೆ.

ಅಮ್ಮ ಹೋಗಿ ಇದು ಮೊದಲ ಕ್ರಿಸ್ಮಸ್. ನಕ್ಷತ್ರ ಹಾಕಬೇಕಾ ಬೇಡವಾ, ಏನೂ ಬೇಡ ಅನಿಸ್ತದೆ

ನಿಮಗೆ ಆಗುವಷ್ಟೇ ಮಾಡಿ. ಕುಸ್ವಾರ್ ಮಾಡದಿದ್ದರೆ ನೆರೆಯವರು ತಂದುಕೊಡುತ್ತಾರೆ, ತೆಗೆದುಕೊಳ್ಳಿ. ಮಕ್ಕಳು ಕೇಳಿದರೆ ನಕ್ಷತ್ರ ಹಾಕಿ, ಅದು ಅಮ್ಮನಿಗೆ ಮಾಡುವ ಅವಮಾನ ಅಲ್ಲ. ಊಟಕ್ಕೆ ಕೂತಾಗ ಅಮ್ಮನ ಹೆಸರು ಎತ್ತಿ ಮಾತಾಡಿ, ಎಲ್ಲರೂ ಒಳಗೆ ಅದನ್ನೇ ನೆನೆಯುತ್ತಿರುತ್ತಾರೆ. ಅಳು ಬಂದರೆ ಬರಲಿ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಇಲ್ಲ, ಬದುಕುವುದೇ ಬೇಡ ಅನ್ನುವ ಯೋಚನೆ ಬರುತ್ತಿದೆ ಅಂದರೆ ಅವತ್ತೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ 14416ಕ್ಕೆ ದಿನದ ಯಾವ ಹೊತ್ತಿಗೂ ಫೋನ್ ಮಾಡಬಹುದು, ಹಣ ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. 25ಕ್ಕೂ ಇರುತ್ತಾರೆ.